ಹೊಲಿದ ಪುಟಗಳು

ಮಾರ್ಚ್ 3

ಮಾವ,

ಫೋನ್ ಮಾಡಿದರೆ ನೀನು ‘ಹಾಂ? ಹಾಂ?’ ಅನ್ನುತ್ತೀಯ, ನಾನು ಕೂಗುತ್ತೇನೆ, ಪಕ್ಕದ ಮೇಜಿನವರು ತಿರುಗಿ ನೋಡುತ್ತಾರೆ. ಅದಕ್ಕೇ ಈ ಕಾಗದ. ಮೂವತ್ತು ವರ್ಷ ಹೊಳೆನೀರಿನ ಗೇಟಿನ ಮೋಟರಿನ ಪಕ್ಕ ಕೂತು ಕಿವಿಯನ್ನು ಇಲಾಖೆಗೆ ಬಿಟ್ಟುಕೊಟ್ಟವನಿಗೆ ಇಲಾಖೆಯ ಸುದ್ದಿಯನ್ನು ಬರವಣಿಗೆಯಲ್ಲೇ ಕೊಡುವುದು ನ್ಯಾಯ.

ಸುದ್ದಿ ಏನೆಂದರೆ, ನಮ್ಮ ತಗ್ಗಿಗೆ ಯೋಜನೆ ಮಂಜೂರಾಗಿದೆ. ಕಡತದಲ್ಲಿ ಅದರ ಹೆಸರು ‘ನೆರೆ ನಿಯಂತ್ರಣ ಪ್ರದೇಶ’. ಏರಿಯ ಮೇಲೆ ನಡೆಯುವ ದಾರಿ, ಮಕ್ಕಳಿಗೆ ಆಟದ ಬಯಲು, ಕೂರಲು ಬೆಂಚು, ನಡುವಿನ ಗುಂಡಿಯಲ್ಲಿ ಹಕ್ಕಿ, ಮೀನು, ಕಪ್ಪೆಗಳಿಗಾಗಿ ಜೊಂಡು ಬೆಳೆಸಿದ ಜೌಗು. ಹೊಳೆ ಉಕ್ಕಿದಾಗ ಎಂದಿನಂತೆ ತಗ್ಗಿಗೆ ನೀರು ತುಂಬಿಸಿ ಕೆಳಗಿನ ಪೇಟೆಯನ್ನು ಉಳಿಸುವುದು, ಉಳಿದ ದಿನ ಅದನ್ನು ಜನಕ್ಕೂ ಹಕ್ಕಿಗೂ ಬಿಟ್ಟುಕೊಡುವುದು. ನಕ್ಷೆ ಬರೆಯುವ ಕೆಲಸ ನನಗೆ ಬಂದಿದೆ. ನಾಲ್ಕು ವರ್ಷ ಬೇರೆಯವರ ನಕ್ಷೆಗೆ ಬಣ್ಣ ತುಂಬಿದ್ದಾಯಿತು. ಇದರ ಕೆಳಗೆ ಮೊದಲ ಸಲ ನನ್ನ ಸಹಿ ಇರುತ್ತದೆ.

ಒಂದು ತೊಂದರೆ. ತಗ್ಗಿನ ಯಾವ ಮೂಲೆಯಲ್ಲಿ ವರ್ಷಕ್ಕೆ ಎಷ್ಟು ದಿನ ನೀರು ನಿಲ್ಲುತ್ತದೆ ಎಂದು ಇಲ್ಲಿ ಯಾರಿಗೂ ಗೊತ್ತಿಲ್ಲ. ಗೇಟಿನ ದಿನಚರಿಯಲ್ಲಿ ಇಡೀ ತಗ್ಗಿಗೆ ದಿನಕ್ಕೊಂದು ಅಂಕಿ ಇದೆ, ಅಷ್ಟೇ. ಆದರೆ ನೀನು ಇಪ್ಪತ್ತೆರಡು ವರ್ಷ ನೀಲಿ ರಟ್ಟಿನ ಪುಸ್ತಕದಲ್ಲಿ ನಿನ್ನದೇ ಲೆಕ್ಕ ಬರೆದಿದ್ದು ನನಗೆ ಗೊತ್ತು. ಅದನ್ನು ಕಳಿಸುತ್ತೀಯಾ? ಆಟದ ಬಯಲನ್ನು ನೀರು ನಿಲ್ಲುವ ಕಡೆ ಬರೆದುಬಿಟ್ಟರೆ ಮೊದಲು ನಗುವವನು ನೀನೇ.

ತಗ್ಗಿನ ಪೂರ್ವದಂಚಿನ ನಮ್ಮ ಮನೆಸಾಲಿನವರನ್ನೆಲ್ಲ ಒಂದು ಸಲ ಕೂರಿಸಿ ಏನು ಬೇಕು ಎಂದು ಕೇಳು. ಜನರ ಅಭಿಪ್ರಾಯವೂ ಕಡತಕ್ಕೆ ಬೇಕು.

ನಿನ್ನ
ಗೀಟಮ್ಮ


ಮಾರ್ಚ್ 11

ಗೀಟಮ್ಮ,

ಗೋಡೆಯ ಮೇಲೆಲ್ಲ ಗೀಟು ಎಳೆದು ನನ್ನಿಂದ ಬೈಸಿಕೊಂಡವಳಿಗೆ ಈಗ ಗೀಟು ಎಳೆಯುವುದಕ್ಕೇ ಸಂಬಳ. ನಿನ್ನ ಅಮ್ಮ ಇದ್ದಿದ್ದರೆ ಸಾಲಿನ ಹದಿನಾಲ್ಕು ಮನೆಗೂ ಹೋಗಿ ಹೇಳಿ ಬರುತ್ತಿದ್ದಳು. ಅವಳ ಬದಲು ನಾನು ಹೋಗಿ ಬಂದೆ.

ಭಾನುವಾರ ಗೇಟಿನ ಶೆಡ್ಡಿನಲ್ಲಿ ಎಲ್ಲರೂ ಸೇರಿದ್ದರು. ಮೂರನೇ ಮನೆಯ ಬೇಕರಿಯಕ್ಕ ಮೊದಲು ಬಾಯಿ ತೆಗೆದಳು: “ಬೆಂಚಿಗೆ ಬೆನ್ನಿಗೊಂದು ಆಸರೆ ಇರ್ಲಿ ಅಂತ ಬರೀರಿ ಗೇಟಣ್ಣ. ಆಸರೆ ಇಲ್ದಿರೋ ಬೆಂಚು ಸಾಲ ಕೊಟ್ಟೋನು ಬಂದಾಗ ಎದ್ದು ಓಡೋಕೆ ಚೆನ್ನಾಗಿರತ್ತೆ, ಕೂರೋಕಲ್ಲ.” ಕ್ಷೌರದಂಗಡಿಯವನಿಗೆ ಬೆಂಚು ನೀರಿನ ಕಡೆ ಮುಖ ಮಾಡಿರಬೇಕಂತೆ. ಸೈಕಲ್ ರಿಪೇರಿಯವನು ಬಿಡಲಿಲ್ಲ: “ದಿನಾ ಕನ್ನಡೀನೇ ನೋಡ್ತೀಯಲ್ಲೋ, ಸಾಕಾಗ್ಲಿಲ್ವಾ? ಮನೆ ಕಡೆ ತಿರುಗ್ಸು. ಮಕ್ಕಳು ಕಣ್ಣಿಗೆ ಕಾಣ್ತಿರ್ಬೇಕು.” ಒಂದೂವರೆ ಗಂಟೆ ಬೆಂಚಿನ ಮುಖದ ಮೇಲೇ ಹೋಯಿತು. ಕೊನೆಗೆ ಎರಡು ಆ ಕಡೆ, ಎರಡು ಈ ಕಡೆ ಎಂದು ತೀರ್ಮಾನ. ನೀರಂಚಿನ ದಂಡೆಯಲ್ಲಿ ಮಿಂಚುಳ್ಳಿ ಬಿಲ ಕೊರೆಯುವ ಜಾಗವನ್ನು ಮುಟ್ಟಬಾರದು ಎಂದದ್ದು ಮಾತ್ರ ಎಲ್ಲರೂ ಒಂದೇ ದನಿಯಲ್ಲಿ.

ಈಗ ಪುಸ್ತಕದ ಮಾತು. ಕಳಿಸಿದ್ದೇನೆ. ಆದರೆ ಅದು ಇಲಾಖೆಯದಲ್ಲ, ನನ್ನದು. ತಗ್ಗಿನ ಲೆಕ್ಕವೆಲ್ಲ ಅದರಲ್ಲಿದೆ, ಬೇಕಾದಷ್ಟು ತೆಗೆದುಕೋ. ಹಿಂದಿನ ಭಾಗ ನಮ್ಮ ಸಾಲಿನದು. ಯಾರ ಮನೆಯ ಅಂಗಳಕ್ಕೆ ಎಷ್ಟು ದಿನ, ಯಾರ ಹೊಸ್ತಿಲಿಗೆ ಎಷ್ಟು ಎತ್ತರ. ನೀರು ಇಳಿದ ಮೇಲೆ ಇನ್‌ಸ್ಪೆಕ್ಟರು ಬರುವುದರೊಳಗೆ ಕಿಟಕಿಯ ಮಟ್ಟದವರೆಗೆ ಸುಣ್ಣ ಬಳಿದುಬಿಡುತ್ತಿದ್ದೆವಲ್ಲ, ನೀನೂ ಕುಂಚ ಹಿಡಿದವಳೇ. ‘ಸಾಲಿಗೆ ನೀರು ಬಂತು ಅಂತ ದಿನಚರಿಯಲ್ಲಿ ಒಂದು ಸಲ ಬಿದ್ದರೆ ಸಾಕು, ಮಾರನೇ ದಿನ ಸಾಲು ಖಾಲಿ’ ಎಂದು ಹಳೆಯ ಇನ್‌ಸ್ಪೆಕ್ಟರೊಬ್ಬರು ಹೇಳಿಹೋಗಿದ್ದರು. ಆವತ್ತಿನಿಂದ ದಿನಚರಿಯಲ್ಲಿ ನಾನು ಬರೆದದ್ದು ಒಂದೇ: ‘ಪೂರ್ವದ ಸಾಲು, ಸೊನ್ನೆ.’ ನಿಜವಾದ ಅಂಕಿಯನ್ನು ಎಲ್ಲಾದರೂ ಇಳಿಸದಿದ್ದರೆ ಅನ್ನ ಸೇರುತ್ತಿರಲಿಲ್ಲ, ಅದಕ್ಕೆ ಆ ಪುಟಗಳು.

ಆ ಪುಟಗಳನ್ನು ದಬ್ಬಳದಲ್ಲಿ ಗೋಣಿದಾರ ಹಾಕಿ ಹೊಲಿದಿದ್ದೇನೆ. ಹರಿದರೆ ಪುಸ್ತಕ ಹಾಳಾಗುತ್ತದೆಂದು ಹರಿಯಲಿಲ್ಲ, ಅಷ್ಟೇ. ಬಿಚ್ಚಬೇಡ. ನೀರು ಬಂದ ಸಂಗತಿ ಇಲಾಖೆಗೆ ಹೋಗುವುದಿಲ್ಲ ಎಂದು ನಾನು ಸಾಲಿನವರಿಗೆ ಕೊಟ್ಟ ಮಾತು ಈಗ ನಿನ್ನದೂ ಹೌದು.

ಗೇಟಿಗೆ ಈಗ ನೀರಳೆಯುವ ಯಂತ್ರ ಕೂರಿಸಿದ್ದಾರೆ. ಆದರೂ ಬೆಳಿಗ್ಗೆ ನಾನು ಅಳತೆ ಕಂಬ ನೋಡಿಕೊಂಡು ಬರುವಾಗ ಎಲ್ಲರೂ ಕೇಳುವುದು ನನ್ನನ್ನೇ: “ಗೇಟಣ್ಣ, ಇವತ್ತು ಎಷ್ಟು?” ಇವತ್ತು ಎರಡು ಅಡಿ ಒಂದು ಇಂಚು.

ಮಾವ


ಏಪ್ರಿಲ್ 2

ಮಾವ,

ನಿನ್ನ ಪುಸ್ತಕ ಬಂದ ದಿನ ನಮ್ಮ ವಿಭಾಗದಲ್ಲಿ ಮಧ್ಯಾಹ್ನದ ಊಟಕ್ಕೆ ಯಾರೂ ಏಳಲಿಲ್ಲ. ‘ಪಡುವಣ ದಿಬ್ಬ: ಎರಡು ದಿನ, ಪಾದ ಮುಳುಗುವಷ್ಟು’, ‘ನಡು ಗುಂಡಿ: ಎಪ್ಪತ್ತೊಂದು ದಿನ, ಕೊನೆಗೆ ಕಪ್ಪೆಮರಿ’ ಎಂದೆಲ್ಲ ಬರೆದಿದ್ದೀಯಲ್ಲ, ನಮ್ಮ ಮುಖ್ಯಸ್ಥರು ಓದಿ “ಇವ್ರನ್ನ ನಾವು ಯಾಕ್ರೀ ರಿಟೈರ್ ಮಾಡಿದ್ವಿ?” ಎಂದರು.

ಮೊದಲ ನಕ್ಷೆಯ ಪ್ರತಿ ಇದರೊಂದಿಗಿದೆ. ಆಟದ ಬಯಲು ಪಡುವಣ ದಿಬ್ಬದ ಮೇಲೆ. ದಾರಿ ಏರಿಯ ಉದ್ದಕ್ಕೂ, ಗಾಲಿಕುರ್ಚಿ ಹತ್ತುವಂಥ ಇಳಿಜಾರಿನೊಂದಿಗೆ. ಮಿಂಚುಳ್ಳಿಯ ದಂಡೆಯನ್ನು ಹಾಗೇ ಬಿಟ್ಟು ಮುಂದೆ ಬೇಲಿ. ಬೆಂಚುಗಳಿಗೆ ಆಸರೆ ಇದೆ ಎಂದು ಬೇಕರಿಯಕ್ಕನಿಗೆ ಹೇಳು. ಪೂರ್ವದ ಸಾಲನ್ನು ‘ಇದ್ದಂತೆ’ ಎಂದು ಗುರುತಿಸಿದ್ದೇನೆ, ನೋಡು.

ಜೌಗಿನದೇ ಒಂದು ತಲೆನೋವು. ವರ್ಷಕ್ಕೆ ಕನಿಷ್ಠ ಹದಿನೈದು ದಿನ ನೀರು ನಿಲ್ಲುವ ಜಾಗ ಹದಿನಾಲ್ಕು ಎಕರೆ ತೋರಿಸಬೇಕು ಎಂದು ಮಂಜೂರಾತಿಯ ಷರತ್ತು. ನನಗೆ ಸಿಕ್ಕಿರುವುದು ಹನ್ನೊಂದು. ಎಲ್ಲಾದರೂ ಸಿಗುತ್ತದೆ, ಚಿಂತೆಯಿಲ್ಲ.

ಸಾಲಿನವರ ಸಹಿ ಹಾಕಿಸಿ ಒಪ್ಪಿಗೆ ಪತ್ರ ಕಳಿಸುತ್ತೀಯಾ? ಪುಸ್ತಕ ಇನ್ನಷ್ಟು ದಿನ ನನ್ನ ಹತ್ತಿರ ಇರಲಿ. ಹೊಲಿಗೆ ಹೊಲಿದ ಹಾಗೇ ಇದೆ.

ಗೀಟಮ್ಮ


ಏಪ್ರಿಲ್ 10

ಗೀಟಮ್ಮ,

ಹದಿನಾಲ್ಕು ಮನೆಯ ಸಹಿಯೂ ಇದರೊಂದಿಗಿದೆ. ಹನ್ನೆರಡನೇ ಮನೆಯವರದು ಹೆಬ್ಬೆಟ್ಟು.

ನಕ್ಷೆಯನ್ನು ಶೆಡ್ಡಿನ ಬಾಗಿಲಿಗೆ ಅಂಟಿಸಿದ್ದೆ. ಪ್ರತಿಯೊಬ್ಬರೂ ಮೊದಲು ಬೆರಳಿಟ್ಟು ಹುಡುಕಿದ್ದು ತಮ್ಮ ಮನೆಯನ್ನು, ಆಮೇಲೆ ಬೆಂಚನ್ನು. ಕ್ಷೌರದಂಗಡಿಯವನು ಸ್ವಲ್ಪ ತಡೆದ. “ಸಹಿ ಅಂದ್ರೆ ಸುಮ್ನೆ ಅಲ್ಲ ಗೇಟಣ್ಣ. ಇವತ್ತು ಹೀಗಿರೋ ಕಾಗದ ನಾಳೆ ಹೀಗೇ ಇರತ್ತಾ?” ಎಂದ. ಬೇಕರಿಯಕ್ಕ ಅವನ ಕೈಗೆ ಪೆನ್ನು ತುರುಕಿದಳು: “ಗೀಟು ಎಳೀತಿರೋಳು ಯಾರು? ಇದೇ ಬೀದೀಲಿ ಮೂಗು ಸುರಿಸ್ಕೊಂಡು ಓಡಾಡಿದ ಹುಡುಗಿ. ನನ್ನ ಕೈಯಿಂದ ಬನ್ನು ಇಸ್ಕೊಂಡು ತಿಂದವಳು. ಹಾಕೋ ಸಹಿ.” ನಾನೂ ಹೇಳಿದೆ, ಅವಳು ಬೇರೆ ಅಲ್ಲ ನಾನು ಬೇರೆ ಅಲ್ಲ ಎಂದು. ಆಮೇಲೆ ಹಾಕಿದ.

ನಿನ್ನ ಮೂರು ಎಕರೆಗೆ ನನಗೊಂದು ಉಪಾಯ ಹೊಳೆದಿದೆ. ಉತ್ತರದ ಹಳೆಯ ಮಣ್ಣು ತೆಗೆದ ಹೊಂಡವನ್ನು ಇನ್ನೆರಡು ಅಡಿ ಆಳ ಮಾಡಿದರೆ ಅಲ್ಲೂ ತಿಂಗಳುಗಟ್ಟಲೆ ನೀರು ನಿಲ್ಲುತ್ತದೆ. ಗುದ್ದಲಿ ಹಿಡಿದು ನಾನೇ ಬರುತ್ತೇನೆ.

ಇವತ್ತು ಒಂದು ಅಡಿ ಒಂಬತ್ತು ಇಂಚು.

ಮಾವ


ಏಪ್ರಿಲ್ 24

ಮಾವ,

ಸಹಿಗಳು ತಲುಪಿದವು. ಕೆಲಸ ಬಹಳ, ಅದಕ್ಕೇ ಈ ನಾಲ್ಕು ಸಾಲು. ಹೊಂಡ ಆಳ ಮಾಡುವ ಯೋಚನೆ ಇಲ್ಲಿ ಒಪ್ಪಿಗೆಯಾಗಲಿಲ್ಲ. ಮಣ್ಣು ಅಗೆಯಲು ಬೇರೆ ಅನುಮತಿ ಬೇಕಂತೆ.

ಪುಸ್ತಕವನ್ನು ಕೊರಿಯರಿನಲ್ಲಿ ವಾಪಸ್ಸು ಕಳಿಸಿದ್ದೇನೆ.

ಇನ್ನೊಂದು ಮಾತು. ನಿವೃತ್ತ ನೌಕರರಿಗೆ ಇಲಾಖೆ ಎರಡು ಕೋಣೆಯ ಮನೆ ಕೊಡುತ್ತಿದೆ. ಅರ್ಜಿ ಇದರೊಂದಿಗಿದೆ, ತುಂಬಬೇಕಾದ ಕಡೆಯೆಲ್ಲ ನಾನೇ ತುಂಬಿದ್ದೇನೆ, ನೀನು ಸಹಿ ಹಾಕಿದರೆ ಸಾಕು. ಜೂನ್ ಕೊನೆಯೊಳಗೆ ಕಳಿಸಲೇಬೇಕು. ತಮಾಷೆ ಮಾಡಿ ಪಕ್ಕಕ್ಕಿಡಬೇಡ.

ಗೀಟಮ್ಮ


ಮೇ 5

ಗೀಟಮ್ಮ,

ಅರ್ಜಿ ನೋಡಿದೆ. ಮೂರನೇ ಮಹಡಿ. ಅಲ್ಲಿ ಬೆಳಿಗ್ಗೆದ್ದು ನಾನು ಯಾವ ನೀರು ಅಳೆಯಲಿ? ಮೇಲಿನ ತೊಟ್ಟಿಯದ್ದೇ? ನನ್ನ ಮೊಣಕಾಲಿನ ಚಿಂತೆಯಿಂದ ನೀನು ಇದೆಲ್ಲ ಮಾಡುತ್ತಿದ್ದೀಯ ಎಂದು ಗೊತ್ತು. ಮೊಣಕಾಲಿಗೆ ಮೆಟ್ಟಿಲು ಮದ್ದಲ್ಲ ಮಗಳೇ. ಅರ್ಜಿಯನ್ನು ಹಲಗೆಯ ಮೇಲೆ ಇಟ್ಟಿದ್ದೇನೆ, ಬೈಯಬೇಡ.

ಪುಸ್ತಕ ಬಂತು. ಎರಡು ಸುತ್ತು ಕಾಗದ, ಮೇಲೆ ಪ್ಲಾಸ್ಟಿಕ್ಕು. ಅಷ್ಟು ಜೋಪಾನ ನಾನೂ ಮಾಡಿರಲಿಲ್ಲ. ಹೊಲಿಗೆ ಗಟ್ಟಿಯಾಗಿದೆ.

ನೀನು ಈಗಲೂ ಹೊಲಿಯುತ್ತೀಯಾ? ಅಲ್ಲಿ ಸಮಯ ಎಲ್ಲಿ ಸಿಗಬೇಕು ಎಂದುಕೊಂಡಿದ್ದೆ. ಸುಮ್ಮನೆ ಕೇಳಿದೆ.

ಸಾಲಿನವರು ಭಾನುವಾರ ಏರಿಯ ಮೇಲಿನ ಮುಳ್ಳು ಕಡಿದು ಇನ್ನೂರು ಹೆಜ್ಜೆಯಷ್ಟು ದಾರಿ ಬಿಡಿಸಿದರು. ಇಲಾಖೆ ಬರುವವರೆಗೆ ಯಾರು ಕಾಯುತ್ತಾರೆ ಎಂದು ಅವರ ಅವಸರ. ಜೂನಿನಲ್ಲಿ ನಕ್ಷೆ ಅಂತಿಮವಾದ ಮೇಲೆ ನೀನೇ ತೆಗೆದುಕೊಂಡು ಬಾ. ಬೇಕರಿಯಕ್ಕ ಕೇಕು ಮಾಡುತ್ತಾಳಂತೆ, ಅದರ ಮೇಲೆ ತಗ್ಗಿನ ನಕ್ಷೆಯನ್ನೂ ಬರೆಯುತ್ತಾಳಂತೆ. ನಿನ್ನ ಕೈಬರಹಕ್ಕೆ ಪೈಪೋಟಿ.

ಮಾವ


ಜೂನ್ 8

ಗೀಟಮ್ಮ,

ಒಂದು ತಿಂಗಳಿಂದ ನಿನ್ನ ಕಾಗದ ಇಲ್ಲ. ನಿನ್ನೆ ನಕ್ಷೆ ಮಾತ್ರ ಬಂತು. ಇಲಾಖೆಯ ಜೀಪಿನವರು ಶೆಡ್ಡಿನ ಬಾಗಿಲಿಗೆ ಅಂಟಿಸಿ, ಎಂಜಿನ್ ಆರಿಸದೆಯೇ ಹೊರಟುಹೋದರು.

ನಮ್ಮ ಸಾಲು ಹಸಿರಾಗಿದೆ. ‘ಜೌಗು ಪುನಶ್ಚೇತನ, ವಲಯ ಎರಡು. ಮೂರು ಎಕರೆ. ಹದಿನಾಲ್ಕು ತಾತ್ಕಾಲಿಕ ಕಟ್ಟಡಗಳ ತೆರವು. ಬದಲಿ ವ್ಯವಸ್ಥೆಯನ್ನು ಮುಂದೆ ಪರಿಶೀಲಿಸಲಾಗುವುದು.’ ಅದರ ಕೆಳಗೆ ಒಂದು ಪಟ್ಟಿ. ಒಂದನೇ ಮನೆ ಹದಿನೈದು ದಿನ, ಎರಡನೇ ಮನೆಯೂ ಹದಿನೈದು, ಮೂರನೇ ಮನೆ ಹದಿನಾರು. ಹೀಗೆ ಕೊನೆಯ ಮನೆಯವರೆಗೆ. ‘ಆಧಾರ: ನಿವೃತ್ತ ಗೇಟು ಪಾಲಕರ ಖಾಸಗಿ ದಾಖಲೆ. ಸ್ಥಳೀಯರ ಒಪ್ಪಿಗೆ ಲಗತ್ತಿಸಿದೆ.’ ಒಪ್ಪಿಗೆ ಎಂದರೆ ಅದೇ ಹಾಳೆ, ಅವೇ ಸಹಿ. ಹನ್ನೆರಡನೇ ಮನೆಯ ಹೆಬ್ಬೆಟ್ಟೂ ಇದೆ. ಅವರು ಒಪ್ಪಿದ್ದು ‘ಇದ್ದಂತೆ’ ಎಂದು ಬರೆದ ನಕ್ಷೆಗೆ.

ನಾನು ಅಲ್ಲೇ ನಿಂತಿದ್ದೆ. ಸೈಕಲ್ ರಿಪೇರಿಯವನು ಗಟ್ಟಿಯಾಗಿ ಓದುತ್ತಿದ್ದ. ಬೇಕರಿಯಕ್ಕ ನನ್ನ ಕಿವಿಯ ಹತ್ತಿರ ಬಂದು ಕೇಳಿದಳು: “ಮೂರನೇ ಮನೆ ಅಂದ್ರೆ ನಮ್ಮನೇನಾ ಗೇಟಣ್ಣ?” ಹೌದು ಎಂದೆ. “ಹದಿನಾರು ದಿನ ಅಂತ ಇದೆ. ಇದನ್ನೆಲ್ಲ ಬರೆದಿಟ್ಕೊಂಡಿದ್ರಾ?” ಹೌದು ಎಂದೆ. “ನಾವು ಗೋಡೆಗೆ ಸುಣ್ಣ ಬಳೀತಿದ್ವಿ. ನೀವು ಒಳಗೆ ಕೂತು ಬರೀತಿದ್ರಿ.” ಇಷ್ಟೇ ಹೇಳಿದಳು. ಕ್ಷೌರದಂಗಡಿಯವನು ಮಾತ್ರ “ಬೇಲೀನೇ ಎದ್ದು ಹೊಲ ಮೇಯ್ದಂಗಾಯ್ತು” ಎಂದು ಯಾರಿಗೋ ಹೇಳಿದ. ನನಗೆ ಕೇಳಿಸಲಿಲ್ಲ, ಅವನ ತುಟಿ ನೋಡಿ ತಿಳಿಯಿತು.

ಯಾರೂ ಜಗಳಕ್ಕೆ ಬರಲಿಲ್ಲ. ಬಂದಿದ್ದರೆ ಚೆನ್ನಾಗಿತ್ತು. ಇವತ್ತು ಬೆಳಿಗ್ಗೆ ಕಂಬ ನೋಡಿಕೊಂಡು ಸಾಲಿನ ಉದ್ದಕ್ಕೂ ಬಂದೆ. ಹದಿನಾಲ್ಕು ಬಾಗಿಲು. ಇವತ್ತು ಎಷ್ಟು ಎಂದು ಒಬ್ಬರೂ ಕೇಳಲಿಲ್ಲ.

ಈಗ ನಿನಗೊಂದು ವಿಷಯ ಹೇಳುತ್ತೇನೆ. ಪುಸ್ತಕ ಬಿಚ್ಚಿದ್ದೀಯ ಎಂದು ಅದು ವಾಪಸ್ಸು ಬಂದ ದಿನವೇ ನನಗೆ ತಿಳಿದಿತ್ತು. ನಾನು ಗೋಣಿ ಹೊಲಿದ ಕೈ, ನನ್ನ ಗಂಟು ಕಡಲೆಕಾಳಿನಷ್ಟು ದಪ್ಪ, ಮೇಲೇ ಕೂತಿರುತ್ತದೆ. ಬಂದ ಪುಸ್ತಕದಲ್ಲಿ ದಾರ ಅದೇ, ತೂತು ಅವೇ, ಗಂಟು ಮಾತ್ರ ಇಲ್ಲ. ಗಂಟು ಕಾಣದ ಹಾಗೆ ಒಳಗೇ ಮುಗಿಸುವುದನ್ನು ನಮ್ಮ ಸಾಲಿನಲ್ಲಿ ಕಲಿಸುತ್ತಿದ್ದವರು ಒಬ್ಬರೇ, ಏಳನೇ ಮನೆಯ ಹೊಲಿಗೆ ಅಜ್ಜಿ. ಕಲಿತವಳು ನೀನೊಬ್ಬಳೇ. ಆದರೂ ಒಂದು ತಿಂಗಳು ನನ್ನ ಮನಸ್ಸಿಗೆ ನಾನೇ ಸುಣ್ಣ ಬಳಿದುಕೊಂಡೆ. ದಾರ ಸಡಿಲವಾಗಿತ್ತೇನೋ, ಒಳಗೆ ನೋಡದೆ ಬಿಗಿ ಮಾಡಿದಳೇನೋ ಎಂದು.

ಮೂರನೇ ಮಹಡಿಯ ಅರ್ಜಿ ಯಾಕೆ ಬಂತು ಎಂದು ಈಗ ಗೊತ್ತಾಯಿತು. ಹದಿನಾಲ್ಕು ಮನೆಯಲ್ಲಿ ಒಂದನ್ನು ಎತ್ತಿ ದಡಕ್ಕೆ ಇಡಲು ನೋಡಿದ್ದೀಯ. ಅರ್ಜಿಯನ್ನು ಹರಿದಿದ್ದೇನೆ.

ಯಾಕೆ ಹೀಗೆ ಮಾಡಿದೆ?

ಮಾವ


ಜೂನ್ 16

ಮಾವ,

ಏನು ಬರೆದರೂ ಸಮಜಾಯಿಷಿ ಅನ್ನಿಸುತ್ತದೆ. ಆದ್ದರಿಂದ ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ಹೊಲಿಗೆ ಬಿಚ್ಚಿದ್ದು ಮಾರ್ಚ್ ಇಪ್ಪತ್ತಾರಕ್ಕೆ. ಏಪ್ರಿಲ್ ಎರಡರ ಕಾಗದದಲ್ಲಿ ನಿನಗೆ ಸುಳ್ಳು ಬರೆದೆ. ಹನ್ನೊಂದು ಎಕರೆ ಸಾಲದೆ ಹೋದರೆ ನಕ್ಷೆ ಬೇರೆಯವರ ಮೇಜಿಗೆ ಹೋಗುತ್ತದೆ ಎಂದು ಮುಖ್ಯಸ್ಥರು ಹೇಳಿದ್ದರು. ಸಾಲಿನ ಅಂಗಳಗಳಿಗೆ ಎಷ್ಟು ದಿನ ನೀರು ಬರುತ್ತದೆಂದು ನೋಡಿಬಿಡೋಣ, ಉಪಯೋಗಿಸುವುದು ಬೇಡ ಎಂದುಕೊಂಡು ಬಿಚ್ಚಿದೆ. ಬಿಚ್ಚುವವರೆಲ್ಲ ಹೀಗೇ ಅಂದುಕೊಳ್ಳುತ್ತಾರೇನೋ.

ಅಲ್ಲಿ ಹನ್ನೊಂದು ವರ್ಷದ ಹಿಂದಿನ ಸೆಪ್ಟೆಂಬರಿನ ಪುಟ ಸಿಕ್ಕಿತು. ‘ಏಳನೇ ಮನೆ: ಮಂಚದ ಮೇಲೆ ಒಂದು ಗೇಣು ನೀರು. ಅಜ್ಜಿ ಇಲ್ಲ.’ ಆ ವರ್ಷ ನಾನು ಹಾಸ್ಟೆಲಿನಲ್ಲಿದ್ದೆ. ನೀನು ಆಗ ನನಗೆ ಬರೆದ ಕಾಗದ ಇನ್ನೂ ಇದೆ. ‘ಹೊಲಿಗೆ ಅಜ್ಜಿ ಜ್ವರ ಬಂದು ಹೋದರು, ನೋವಾಗಲಿಲ್ಲ’ ಎಂದಿದೆ. ಎರಡೂ ನಿನ್ನದೇ ಕೈಬರಹ. ಅವರು ಹಾಸಿಗೆ ಬಿಟ್ಟು ಏಳಲಾರದವರು. ದಿನಚರಿ ತೆಗೆಸಿ ನೋಡಿದೆ. ಆ ದಿನವೂ ‘ಪೂರ್ವದ ಸಾಲು, ಸೊನ್ನೆ’.

ಆಮೇಲೆ ಗೇಟಿನ ಕಡತ ತೆಗೆಸಿದೆ. ಮೊದಲು ತಗ್ಗಿನಲ್ಲಿ ಹತ್ತು ಅಡಿಯವರೆಗೆ ಮಾತ್ರ ನೀರು ತುಂಬಿಸುತ್ತಿದ್ದರು, ಹನ್ನೆರಡು ವರ್ಷದ ಹಿಂದೆ ಅದನ್ನು ಹನ್ನೆರಡು ಅಡಿ ಮಾಡಿದರು, ನಿನಗೆ ನೆನಪಿದೆ. ಯಾಕೆ ಎಂದು ನಿನಗೆ ಹೇಳಿರಲಿಲ್ಲ. ಆದೇಶದಲ್ಲಿ ಬರೆದಿದೆ: ‘ಗೇಟು ಪಾಲಕರ ದಿನಚರಿಯ ಪ್ರಕಾರ ಕಳೆದ ಹತ್ತು ವರ್ಷಗಳಲ್ಲಿ ಪೂರ್ವದ ಸಾಲಿಗೆ ಒಮ್ಮೆಯೂ ನೀರು ಬಂದಿಲ್ಲ. ಆದ್ದರಿಂದ ಇನ್ನೆರಡು ಅಡಿ ತುಂಬಿಸಲು ಅಡ್ಡಿಯಿಲ್ಲ.’ ಸಾಲನ್ನು ಉಳಿಸಲು ನೀನು ಬರೆದ ಸೊನ್ನೆಯೇ ಸಾಲಿಗೆ ನೀರು ತಂದಿತು ಮಾವ. ಮಾರನೇ ವರ್ಷವೇ ಅಜ್ಜಿ ಹೋದರು.

ಅದನ್ನು ಓದಿದ ಮೇಲೆ ನನಗೆ ಸಾಲಿನಲ್ಲಿ ಯಾರೂ ಇರಬಾರದು ಅನ್ನಿಸಿತು. ತೆರವಾದರೆ ಎಲ್ಲರೂ ಬದುಕುತ್ತಾರೆ. ಬದಲಿ ಮನೆಗೆ ಇಲ್ಲಿ ಹೋರಾಡುತ್ತೇನೆ. ನಿನ್ನನ್ನು ಕೇಳಿದರೆ ಬೇಡ ಅನ್ನುತ್ತೀಯ ಎಂದು ಕೇಳಲಿಲ್ಲ. ಸಹಿಯ ಹಾಳೆಯನ್ನು ಹೊಸ ನಕ್ಷೆಗೆ ಲಗತ್ತಿಸಿದ್ದು ನಾನಲ್ಲ, ಮುಖ್ಯಸ್ಥರು. ಆದರೆ ತಡೆಯಲಿಲ್ಲ. ನಕ್ಷೆಯ ಕೆಳಗೆ ನನ್ನ ಸಹಿ ಇದೆ.

ಒಂದನ್ನು ಮಾತ್ರ ನಂಬು. ಹೊಲಿಗೆಯನ್ನು ವಾಪಸ್ಸು ಹಾಕುವಾಗ ಗಂಟು ಹೊರಗೆ ಹಾಕಲು ಎಷ್ಟು ಪ್ರಯತ್ನಿಸಿದರೂ ಕೈ ಬರಲಿಲ್ಲ.

ಗೀಟಮ್ಮ


ಜೂನ್ 27

ನಕ್ಷೆ ವಿಭಾಗದ ಅಧಿಕಾರಿಗಳಿಗೆ,

ಆಕ್ಷೇಪಣೆಗಳನ್ನು ನಕ್ಷೆಗೆ ಸಹಿ ಮಾಡಿದವರ ಹೆಸರಿಗೇ ಕಳಿಸಬೇಕು, ಜೂನ್ ಮೂವತ್ತು ಕೊನೆಯ ದಿನ ಎಂದು ಶೆಡ್ಡಿನ ಬಾಗಿಲಿನ ನೋಟೀಸಿನಲ್ಲಿದೆ. ಆದ್ದರಿಂದ ಇದು ತಮಗೆ.

ನಾನು ನಿವೃತ್ತ ಗೇಟು ಪಾಲಕ, ಪೂರ್ವದ ಸಾಲಿನ ಒಂಬತ್ತನೇ ಮನೆಯವನು. ಇಪ್ಪತ್ತೆರಡು ವರ್ಷ ಗೇಟಿನ ದಿನಚರಿಯಲ್ಲಿ ಪೂರ್ವದ ಸಾಲಿನ ಮುಂದೆ ನಾನು ಬರೆದ ಸೊನ್ನೆಗಳೆಲ್ಲ ಸುಳ್ಳು. ನೀಲಿ ರಟ್ಟಿನ ಪುಸ್ತಕದಲ್ಲಿರುವುದು ನಿಜ. ಇದಕ್ಕಾಗಿ ಇಲಾಖೆ ನನ್ನ ಪಿಂಚಣಿಯ ಮೇಲೆ ಯಾವ ಕ್ರಮ ಕೈಗೊಂಡರೂ ಅದು ಸರಿಯೇ. ಏಳನೇ ಮನೆಯ ಅಜ್ಜಿ ಜ್ವರದಿಂದ ಹೋದದ್ದಲ್ಲ. ಆ ದಿನ ಹನ್ನೆರಡು ಅಡಿಯವರೆಗೆ ನೀರು ಹಿಡಿದು ಗೇಟಿನ ಚಕ್ರಕ್ಕೆ ಬೀಗ ಹಾಕಿದ ಕೈ ನನ್ನದು.

ಆದರೆ ತಮ್ಮ ಪಟ್ಟಿಯಲ್ಲಿ ಒಂದು ಕೊರತೆಯಿದೆ. ಮೂರನೇ ಮನೆಗೆ ಹದಿನಾರು ದಿನ ಎಂದು ತಾವು ತೆಗೆದಿರುವುದು ಕೊನೆಯ ಹನ್ನೆರಡು ವರ್ಷಗಳ ಸರಾಸರಿ. ಅದಕ್ಕೆ ಮೊದಲಿನ ಹತ್ತು ವರ್ಷ, ಅಂದರೆ ಹತ್ತು ಅಡಿ ನೀರು ತುಂಬಿಸುತ್ತಿದ್ದ ಕಾಲದ ಪುಟಗಳು, ಪಟ್ಟಿಗೆ ಬಂದಿಲ್ಲ. ಆಗ ಅದೇ ಅಂಗಳಕ್ಕೆ ವರ್ಷಕ್ಕೆ ಎರಡು ದಿನ ನೀರು ಬರುತ್ತಿತ್ತು. ಹೊಸ್ತಿಲು ದಾಟಿದ್ದು ಒಂದು ಸಲವೂ ಇಲ್ಲ. ಹೊಲಿಗೆ ಬಿಚ್ಚಿದರೆ ಮೊದಲು ಸಿಗುವುದೇ ಆ ಪುಟಗಳು. ಅವುಗಳನ್ನು ದಾಟದೆ ಸೆಪ್ಟೆಂಬರಿನ ಪುಟಕ್ಕೆ ಹೋಗಲು ಆಗುವುದಿಲ್ಲ. ತಾವು ಓದಿಲ್ಲ ಎಂದು ನಾನು ನಂಬುವುದಿಲ್ಲ.

ಪೂರ್ವದ ಸಾಲು ಜೌಗು ನೆಲವಲ್ಲ. ನನ್ನ ಸುಳ್ಳು, ಅದರ ಮೇಲೆ ಹೊರಟ ತಮ್ಮ ಆದೇಶ, ಎರಡೂ ಸೇರಿ ಅದನ್ನು ಜೌಗು ಮಾಡಿವೆ. ಸೊನ್ನೆಯ ಆಧಾರದಿಂದ ಏರಿಸಿದ ಎರಡು ಅಡಿಯನ್ನು ಆ ಸೊನ್ನೆ ಸುಳ್ಳು ಎಂದು ತಿಳಿದ ಮೇಲೆ ಇಳಿಸಲೇಬೇಕು. ನೀರು ಹತ್ತು ಅಡಿಗೆ ನಿಂತರೆ ಸಾಲು ಉಳಿಯುತ್ತದೆ. ನಡು ಗುಂಡಿ ಮತ್ತು ಅದರ ಸುತ್ತಿನ ಹನ್ನೊಂದು ಎಕರೆಗೆ ಆಗಲೂ ಸಾಕಷ್ಟು ನೀರು ಬರುತ್ತಿತ್ತು, ಅಂಕಿ ಪುಸ್ತಕದಲ್ಲಿದೆ. ಉಳಿದ ಮೂರು ಎಕರೆಗೆ ಉತ್ತರದ ಹೊಂಡ ಆಳ ಮಾಡುವ ಅನುಮತಿಯನ್ನು ಇಲಾಖೆ ಕೇಳಲಿ. ಎರಡು ಅಡಿ ಇಳಿಸಿದರೆ ಪೇಟೆಗೆ ಅಪಾಯ ಎಂದು ಯಾರಾದರೂ ಹೇಳಿದರೆ, ಹತ್ತು ವರ್ಷ ಹತ್ತೇ ಅಡಿಯಲ್ಲಿ ಪೇಟೆ ಉಳಿದಿತ್ತು ಎಂದು ದಿನಚರಿ ಹೇಳುತ್ತದೆ. ಆ ಅಂಕಣದಲ್ಲಿ ನಾನು ಸುಳ್ಳು ಬರೆದಿಲ್ಲ.

ಸಹಿಗಳ ವಿಷಯ. ಸಾಲಿನವರು ಒಪ್ಪಿದ ಮೊದಲ ನಕ್ಷೆಯ ಪ್ರತಿ ಇಲ್ಲಿದೆ, ‘ಇದ್ದಂತೆ’ ಎಂಬ ಬರಹ ತಮ್ಮದೇ. ಆ ಸಹಿಗಳನ್ನು ಈ ನಕ್ಷೆಯಿಂದ ತೆಗೆಯಬೇಕು.

ಕಳಿಸುವ ಮೊದಲು ಇದನ್ನು ಶೆಡ್ಡಿನಲ್ಲಿ ಎಲ್ಲರ ಎದುರು ನಾನೇ ಓದಿದೆ. ಆದೇಶದ ಸಂಗತಿಯನ್ನೂ ಮುಚ್ಚಿಡಲಿಲ್ಲ. ಆಮೇಲೆ ಬೇಕರಿಯಕ್ಕ ಎದ್ದಳು: “ಹಾಗಾದ್ರೆ ಇಷ್ಟು ವರ್ಷ ನಮ್ಮನೆಗೆ ನೀರು ತಂದಿದ್ದು ನೀವೇನಾ ಗೇಟಣ್ಣ?” ಹೌದು ಎಂದೆ. “ನಾವೂ ಸುಣ್ಣ ಬಳಿದ್ವಲ್ಲ” ಎಂದು ಕ್ಷೌರದಂಗಡಿಯವನು ಹೇಳಿದನಂತೆ. ನನಗೆ ಕೇಳಿಸಲಿಲ್ಲ, ಸೈಕಲ್ ರಿಪೇರಿಯವನು ಆಮೇಲೆ ಬರೆದು ತೋರಿಸಿದ. ಹದಿಮೂರು ಮನೆಯವರು ಈ ಕಾಗದದ ಹಿಂದೆ ಸಹಿ ಹಾಕಿದ್ದಾರೆ. ಬೇಕರಿಯಕ್ಕ ಹಾಕಿಲ್ಲ. ಹಾಕು ಎಂದು ನಾನು ಕೇಳಲೂ ಇಲ್ಲ.

ಪುಸ್ತಕವನ್ನು ಇದರೊಂದಿಗೆ ಇಲಾಖೆಗೆ ಒಪ್ಪಿಸುತ್ತಿದ್ದೇನೆ. ಈ ಸಲ ಯಾವ ಪುಟವನ್ನೂ ಹೊಲಿದಿಲ್ಲ.

ಜುಲೈ ಹದಿನೆಂಟಕ್ಕೆ ಶೆಡ್ಡಿನಲ್ಲಿ ಸಾರ್ವಜನಿಕ ವಿಚಾರಣೆ, ನಕ್ಷೆಗೆ ಸಹಿ ಮಾಡಿದವರು ಖುದ್ದಾಗಿ ಹಾಜರಿರುತ್ತಾರೆ ಎಂದು ನೋಟೀಸು ಹೇಳುತ್ತದೆ. ಮೊದಲ ಹತ್ತು ವರ್ಷದ ಪುಟಗಳನ್ನು ಯಾಕೆ ಬಿಟ್ಟಿರಿ ಎಂದು ಅಲ್ಲಿ ಕೇಳುವವನು ನಾನು. ಉತ್ತರವನ್ನು ಕಾಗದದಲ್ಲಿ ಕಳಿಸಬೇಡಿ. ಬಂದು, ಹದಿನಾಲ್ಕು ಮನೆಯವರ ಮುಂದೆ ನಿಂತು ಹೇಳಿ.

ಗಟ್ಟಿಯಾಗಿ ಹೇಳಬೇಕಾಗಿ ವಿನಂತಿ. ನನಗೆ ಕಿವಿ ಕೇಳಿಸುವುದಿಲ್ಲ.

ನಿವೃತ್ತ ಗೇಟು ಪಾಲಕ
ಒಂಬತ್ತನೇ ಮನೆ, ಪೂರ್ವದ ಸಾಲು